*ಬಾತ್‌ರೂಮಿನ ಬಿಳಿ ಕಲೆ, ತುಕ್ಕಿನ ಕಲೆ: ಉಜ್ಜುವ ಮೊದಲು ಇದನ್ನು ಓದಿ*



ನಮ್ಮ ಆರೋಗ್ಯ ಮಾಲಿಕೆಯಲ್ಲಿ ಇಂದು ಕಷಾಯದ ಮಾತಿಲ್ಲ, ಮಾತ್ರೆಯ ಮಾತಿಲ್ಲ. ಇಂದಿನ ವಿಷಯ ನಿಮ್ಮ ಬಾತ್‌ರೂಮಿನ ಮೂಲೆಯಲ್ಲಿ ನಿಂತಿರುವ ಎರಡು ಬಾಟಲಿಗಳು. ಒಂದು ಆಸಿಡ್, ಇನ್ನೊಂದು ಬ್ಲೀಚ್. ಒಂದೊಂದಾಗಿ ಎರಡೂ ಕೆಲಸಕ್ಕೆ ಬರುವ ವಸ್ತುಗಳೇ. ಎರಡೂ ಒಂದಾದರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ದೀಪಾವಳಿಗೆ ಇನ್ನು ನಾಲ್ಕು ದಿನ ಇತ್ತು. ಊರಿಂದ ಪುಣೆಗೆ ಬಂದಿದ್ದ ನಮ್ಮ ಚಿಕ್ಕಮ್ಮ ಬಾತ್‌ರೂಮಿನ ನೆಲ ನೋಡಿ ಬೇಸರಪಟ್ಟರು. "ಬಕೆಟ್ ಇಟ್ಟ ಜಾಗದಲ್ಲಿ ಬಿಳಿ ಉಂಗುರ, ನಲ್ಲಿಯ ಕೆಳಗೆ ಕೆಂಪು ಗೆರೆ, ಹಬ್ಬಕ್ಕೆ ಇದೇನು ಚೆಂದ?" ಎಂದು ನಾವು ಬೇಡ ಎಂದರೂ ಕೇಳದೆ ಸೊಂಟಕ್ಕೆ ಸೆರಗು ಕಟ್ಟಿದರು. ಮೊದಲು ಆಸಿಡ್ ಸುರಿದರು. ಕಲೆ ಪೂರ್ತಿ ಹೋಗಲಿಲ್ಲ. ಅದರ ಮೇಲೇ ಒಂದು ಹಿಡಿ ಬ್ಲೀಚಿಂಗ್ ಪುಡಿ ಎರಚಿದರು. ವಾಸನೆ ಅಡುಗೆಮನೆಗೆ ಬರಬಾರದೆಂದು ಬಾಗಿಲನ್ನೂ ಹಾಕಿಕೊಂಡರು.

ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಒಳಗಿಂದ ಬಿಡದೆ ಕೆಮ್ಮು ಕೇಳಿಸಿತು. ಬಾಗಿಲು ತೆಗೆದಾಗ ಅವರು ಗೋಡೆ ಹಿಡಿದು ಕೂತಿದ್ದರು, ಕಣ್ಣಲ್ಲಿ ನೀರು, ಬಾಯಲ್ಲಿ ಮಾತಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರರ ಮೊದಲ ಪ್ರಶ್ನೆ: "ಏನು ಏನನ್ನು ಬೆರೆಸಿದಿರಿ?" ಆಮ್ಲಜನಕ ಕೊಟ್ಟು, ನೆಬ್ಯುಲೈಸರ್ ಹಾಕಿ, ಒಂದು ರಾತ್ರಿ ಅಲ್ಲೇ ಇರಿಸಿಕೊಂಡರು. ದೇವರ ದಯೆ, ಹಬ್ಬದ ಹೊತ್ತಿಗೆ ಮನೆಗೆ ಬಂದರು. ಆದರೆ ಆ ದಿನ ನಮ್ಮಲ್ಲಿ ಯಾರಿಗೂ ಗೊತ್ತಿರದ ಸಂಗತಿ ನಿಮಗಾದರೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

*1. ಆ ಬಿಳಿ ಪದರ ಎಲ್ಲಿಂದ ಬರುತ್ತದೆ?*

ಅದು ಕೊಳೆಯಲ್ಲ, ಕಲ್ಲು. ನೆಲದೊಳಗಿನ ನೀರು ಬಂಡೆ ಮಣ್ಣಿನ ನಡುವೆ ಹರಿಯುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಇದನ್ನೇ ನಾವು ಗಡಸು ನೀರು ಎನ್ನುವುದು. ನೀರು ಆರಿಹೋದಾಗ ಅಥವಾ ಕಾದಾಗ ಈ ಲವಣ ಹಿಂದೆ ಉಳಿದು ಗಟ್ಟಿಯಾಗುತ್ತದೆ. ಮುಖ್ಯವಾಗಿ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿ ಇರುವ ವಸ್ತುವೇ. ಗೀಸರ್ ಕಾಯಿಲ್, ಕೆಟಲ್, ಶವರ್ ತೂತುಗಳಲ್ಲಿ ಬೇಗ ಕಟ್ಟುವುದು ಇದೇ ಕಾರಣಕ್ಕೆ.

ಮುಂಬೈಯಲ್ಲಿ ಪಾಲಿಕೆಯ ನೀರು ಕೆರೆ ಅಣೆಕಟ್ಟುಗಳದ್ದು, ಮೆದು. ಅಲ್ಲಿಯೂ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರುವ ಕಟ್ಟಡಗಳಲ್ಲಿ ಬಿಳಿ ಕಲೆ ಕಾಣಿಸುತ್ತದೆ. ಪುಣೆಯ ಹೊರವಲಯದ ಹೊಸ ಬಡಾವಣೆಗಳು, ಹೈದರಾಬಾದ್ ಮತ್ತು ಚೆನ್ನೈಯ ಬೋರ್‌ವೆಲ್ ಮನೆಗಳು, ದೆಹಲಿ ಸುತ್ತಲಿನ ಫ್ಲಾಟ್‌ಗಳು, ಇಲ್ಲಿರುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಸೋಪು ನೊರೆ ಬರುವುದಿಲ್ಲ, ಸ್ಟೀಲ್ ಲೋಟ ಆರಿದ ಮೇಲೆ ಮಂಕಾಗಿ ಕಾಣುತ್ತದೆ.

*2. ಕೆಂಪು, ಕಂದು ಕಲೆ?*

ಅದು ಕಬ್ಬಿಣ. ಕೆಲವು ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ. ಹಿಡಿದಾಗ ನೀರು ತಿಳಿಯಾಗಿಯೇ ಇರುತ್ತದೆ. ಗಾಳಿ ತಾಗಿ ಸ್ವಲ್ಪ ಹೊತ್ತಾದ ಮೇಲೆ ಬಣ್ಣ ಕಂದಾಗುತ್ತದೆ. ಒಂದು ಲೀಟರಿಗೆ 0.3 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಇದ್ದರೆ ಬಟ್ಟೆ, ಸಿಂಕ್, ಕಮೋಡ್‌ಗಳಲ್ಲಿ ಕಲೆ ಬೀಳಲು ಶುರುವಾಗುತ್ತದೆ. ಹಳೆಯ ಜಿ.ಐ. ಪೈಪು, ಟೈಲ್ಸ್ ಮೇಲೆ ಮರೆತ ಬ್ಲೇಡು, ಹೇರ್‌ಪಿನ್, ಶೇವಿಂಗ್ ಕ್ರೀಮಿನ ಡಬ್ಬಿ, ಇವೂ ತುಕ್ಕಿನ ಉಂಗುರ ಬಿಡುತ್ತವೆ.

ಎರಡು ಕಲೆಗಳೂ ಸೋಪಿಗೆ ಹೋಗುವುದಿಲ್ಲ. ಸೋಪು ಎಣ್ಣೆ ಜಿಡ್ಡನ್ನು ಬಿಡಿಸುತ್ತದೆ, ಕಲ್ಲನ್ನಲ್ಲ. ಇವು ಕರಗುವುದು ಹುಳಿಗೆ. ನಮ್ಮ ಅಜ್ಜಿಯರು ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದುದರ ಹಿಂದೆಯೂ ಇದೇ ಲೆಕ್ಕ.

*3. ಮನೆಯಲ್ಲೇ ಇರುವ ಹುಳಿ ಸಾಕು*

👉 *ನಿಂಬೆ ಉಪ್ಪು* (ಸಿಟ್ರಿಕ್ ಆಮ್ಲ): ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಮುಂಬೈ, ದೆಹಲಿಯಲ್ಲಿ ನಿಂಬೂ ಸತ್ ಎಂದು, ಹೈದರಾಬಾದಿನಲ್ಲಿ ನಿಮ್ಮ ಉಪ್ಪು ಎಂದು ಕೇಳಿ. ಒಂದು ಲೀಟರ್ ನೀರಿಗೆ 1ರಿಂದ 2 ದೊಡ್ಡ ಚಮಚ. ಹೊಗೆಯಿಲ್ಲ, ಘಾಟು ವಾಸನೆಯಿಲ್ಲ.

👉 *ಕೆಟಲ್*: ಈ ನೀರನ್ನು ಕೆಟಲ್‌ನಲ್ಲಿ ಕುದಿಸಿ, ಆಫ್ ಮಾಡಿ, ಅರ್ಧ ಗಂಟೆ ಬಿಡಿ. ಚೆಲ್ಲಿ, ಚೆನ್ನಾಗಿ ತೊಳೆದು, ಒಮ್ಮೆ ಬರಿ ನೀರು ಕುದಿಸಿ ಅದನ್ನೂ ಚೆಲ್ಲಿ. ಆಮೇಲೆ ಚಹಾ ಮಾಡಿ. ಕೆಟಲ್ ಒಳಗೆ ಯಾವತ್ತೂ ಟಾಯ್ಲೆಟ್ ಕ್ಲೀನರ್ ಹಾಕಬೇಡಿ.

👉 *ಶವರ್ ಮತ್ತು ನಲ್ಲಿ*: ಒಂದು ಪ್ಲಾಸ್ಟಿಕ್ ಚೀಲಕ್ಕೆ ವಿನೆಗರ್ ಅಥವಾ ನಿಂಬೆ ಉಪ್ಪಿನ ನೀರು ತುಂಬಿ, ಶವರ್ ತಲೆ ಮುಳುಗುವಂತೆ ರಬ್ಬರ್ ಬ್ಯಾಂಡ್ ಹಾಕಿ. ಅರ್ಧ ಗಂಟೆ ಸಾಕು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಇಡೀ ರಾತ್ರಿ ಬಿಟ್ಟರೆ ಹೊಳಪಿನ ಲೇಪ ಕೆಡಬಹುದು. ಕಲೆ ದಪ್ಪಗಿದ್ದರೆ ಮರುದಿನ ಇನ್ನೊಮ್ಮೆ ಮಾಡಿ.

👉 *ಟೈಲ್ಸ್*: ಹಳೆಯ ಬಟ್ಟೆಯನ್ನು ಈ ನೀರಿನಲ್ಲಿ ನೆನೆಸಿ ಕಲೆಯ ಮೇಲೆ ಹಾಸಿ. ಇಪ್ಪತ್ತು ನಿಮಿಷ ಹುಳಿಗೆ ಕೆಲಸ ಮಾಡಲು ಬಿಡಿ. ನಿಮ್ಮ ಕೈನೋವು ಅರ್ಧ ಉಳಿಯುತ್ತದೆ.

👉 *ಬಟ್ಟೆ ಮೇಲಿನ ತುಕ್ಕು*: ನಿಂಬೆರಸ, ಮೇಲೆ ಸ್ವಲ್ಪ ಉಪ್ಪು, ಬಿಸಿಲಿನಲ್ಲಿ ಒಂದು ಗಂಟೆ, ನಂತರ ಚೆನ್ನಾಗಿ ತೊಳೆಯುವುದು. ಬಣ್ಣದ ಬಟ್ಟೆಯಾದರೆ ಒಳಗಿನ ಅಂಚಿನಲ್ಲಿ ಮೊದಲು ಪರೀಕ್ಷೆ ಮಾಡಿ. *ತುಕ್ಕಿನ ಕಲೆಗೆ ಬ್ಲೀಚ್ ಹಾಕಲೇಬೇಡಿ.* ಬ್ಲೀಚ್ ಕಬ್ಬಿಣವನ್ನು ಕರಗಿಸುವುದಿಲ್ಲ, ಇನ್ನಷ್ಟು ಗಟ್ಟಿಯಾಗಿ ಕೂರಿಸುತ್ತದೆ.

👉 *ಅಡುಗೆ ಸೋಡಾ ಮತ್ತು ವಿನೆಗರ್*: ಎರಡನ್ನೂ ಬೆರೆಸಿದರೆ ಬುಸ್ಸೆಂದು ನೊರೆ ಬರುತ್ತದೆ, ನೋಡಲು ಚೆಂದ. ಆದರೆ ಹುಳಿಯನ್ನು ಸೋಡಾ ಕೊಂದುಬಿಟ್ಟಿರುತ್ತದೆ. ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಅಪಾಯವಿಲ್ಲ, ಕಲ್ಲು ಕರಗಿಸುವ ಶಕ್ತಿಯೂ ಇಲ್ಲ.

👉 *ಹಠಮಾರಿ ತುಕ್ಕು*: ಟೈಲ್ಸ್, ಕಮೋಡ್‌ಗಳ ಮೇಲಿನ ಹಳೆಯ ತುಕ್ಕಿಗೆ ಹಾರ್ಡ್‌ವೇರ್ ಅಂಗಡಿಯ ಆಕ್ಸಾಲಿಕ್ ಆಮ್ಲ ಕೆಲಸ ಮಾಡುತ್ತದೆ. ಆದರೆ ಎಚ್ಚರ. ಅದು ಸಕ್ಕರೆ, ಉಪ್ಪಿನಂತೆ ಕಾಣುವ ಬಿಳಿ ಪುಡಿ, ಹೊಟ್ಟೆಗೆ ಹೋದರೆ ವಿಷ, ಮೂತ್ರಪಿಂಡಕ್ಕೆ ಹಾನಿ. ಅಡುಗೆಮನೆಗೆ ತರಬೇಡಿ, ಪಾತ್ರೆಗೆ ಬಳಸಬೇಡಿ, ಕೈಗವಸಿಲ್ಲದೆ ಮುಟ್ಟಬೇಡಿ.

*4. ಕಲ್ಲಿನ ನೆಲಕ್ಕೆ ಹುಳಿ ಶತ್ರು*

ಕಲೆಯೂ ಸುಣ್ಣದ ಕಲ್ಲು ಎಂದೆನಲ್ಲ? ಹಾಗಾದರೆ ನಿಮ್ಮ ನೆಲವೂ ಅದೇ ಜಾತಿಯ ಕಲ್ಲಾಗಿದ್ದರೆ? ಹುಳಿಗೆ ಕಲೆ ಯಾವುದು, ನೆಲ ಯಾವುದು ಎಂದು ಗೊತ್ತಾಗುವುದಿಲ್ಲ. ಮಾರ್ಬಲ್, ಕೋಟಾ ಕಲ್ಲು, ಪುಣೆ ಮುಂಬೈ ಅಡುಗೆಕಟ್ಟೆಯ ಕಪ್ಪು ಕಡಪಾ, ನಮ್ಮ ಕಲಬುರಗಿ ಜಿಲ್ಲೆಯಿಂದ ಬಂದು ಹೈದರಾಬಾದ್, ಪುಣೆಯ ಎಷ್ಟೋ ಹಳೆಯ ಮನೆಗಳ ನೆಲವಾಗಿರುವ ಶಹಾಬಾದ್ ಕಲ್ಲು, ಇವೆಲ್ಲ ಸುಣ್ಣದ ಅಂಶದವು. ಇವುಗಳ ಮೇಲೆ ನಿಂಬೆರಸ ಬಿದ್ದರೂ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ, ಆಸಿಡ್ ಆದರಂತೂ ಗುಳಿ ಬೀಳುತ್ತದೆ. ಇವಕ್ಕೆ ಮೆದು ಸೋಪು, ನೀರು, ಒಣ ಬಟ್ಟೆ, ಅಷ್ಟೇ.

ಟೈಲ್ಸ್‌ಗೆ ಆಸಿಡ್ ತಡೆದುಕೊಳ್ಳುವ ಶಕ್ತಿ ಇರಬಹುದು. ಆದರೆ ನಡುವಿನ ಸಿಮೆಂಟ್ ಸಂದಿಗೆ ಇಲ್ಲ. ಪ್ರತಿ ತಿಂಗಳು ಆಸಿಡ್ ಸುರಿದರೆ ಸಂದಿ ಸವೆದು, ನೀರು ಇಳಿದು, ಕೊನೆಗೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಸ್ಟೀಲ್ ನಲ್ಲಿ, ಸಿಂಕ್‌ಗಳಿಗೂ ಈ ಆಸಿಡ್ ಆಗದು, ಕಪ್ಪು ಚುಕ್ಕೆ ಬೀಳುತ್ತವೆ.

*5. ಇವೆರಡನ್ನು ಎಂದಿಗೂ ಸೇರಿಸಬೇಡಿ* ⚠️

ಲೇಖನದಲ್ಲಿ ಇದೊಂದು ಭಾಗ ಓದಿದರೂ ಸಾಕು.

ಟಾಯ್ಲೆಟ್ ಕ್ಲೀನರ್‌ಗಳಲ್ಲಿ, ಬಿಡಿಯಾಗಿ ಸಿಗುವ ಬಾತ್‌ರೂಮ್ ಆಸಿಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಬಟ್ಟೆ ಬಿಳಿ ಮಾಡುವ ದ್ರವದಲ್ಲಿ, ಕೆಲವು ಬಾತ್‌ರೂಮ್ ಕ್ಲೀನರ್‌ಗಳಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಇರುತ್ತದೆ. ಬ್ಲೀಚಿಂಗ್ ಪುಡಿಯೂ ಅದೇ ಕುಟುಂಬ. *ಆಸಿಡ್ ಮತ್ತು ಬ್ಲೀಚ್ ಸೇರಿದ ಕ್ಷಣವೇ ಕ್ಲೋರಿನ್ ಅನಿಲ ಹೊರಡುತ್ತದೆ.* 1915ರಲ್ಲಿ ಮೊದಲ ಮಹಾಯುದ್ಧದ ವೇಳೆ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಇದೇ.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲದ ಹತ್ತಿರ ಕೂರುತ್ತದೆ. ಕುಕ್ಕರಗಾಲಿನಲ್ಲಿ ಕೂತು ನೆಲ ಉಜ್ಜುವವರ ಮೂಗು ಎಲ್ಲಿರುತ್ತದೆ ಯೋಚಿಸಿ. ಕಣ್ಣು, ಗಂಟಲು, ಶ್ವಾಸನಾಳದ ತೇವಕ್ಕೆ ತಾಗಿದೊಡನೆ ಅದು ಅಲ್ಲಿ ಮತ್ತೆ ಆಮ್ಲವಾಗಿ ಸುಡುತ್ತದೆ. ಆಸ್ತಮಾ ಇರುವವರಿಗೆ, ವೃದ್ಧರಿಗೆ, ಮಕ್ಕಳಿಗೆ ಸ್ವಲ್ಪವೇ ಹೆಚ್ಚಾಗುತ್ತದೆ.

ನೆನಪಿಡಿ:

❌ ಆಸಿಡ್ + ಬ್ಲೀಚ್ ಬೇಡ.
❌ ವಿನೆಗರ್, ನಿಂಬೆ, ನಿಂಬೆ ಉಪ್ಪು + ಬ್ಲೀಚ್ ಕೂಡ ಬೇಡ. "ನೈಸರ್ಗಿಕ" ಹುಳಿಯೂ ಹುಳಿಯೇ, ಅದೂ ಕ್ಲೋರಿನ್ ಬಿಡಿಸುತ್ತದೆ.
❌ ಅಮೋನಿಯಾ ಇರುವ ಗಾಜಿನ ಕ್ಲೀನರ್ + ಬ್ಲೀಚ್ ಬೇಡ. ಆಗ ಕ್ಲೋರಮಿನ್ ಎಂಬ ಇನ್ನೊಂದು ವಿಷಾನಿಲ ಬರುತ್ತದೆ.
❌ ಒಂದು ಹಾಕಿ ಕಲೆ ಹೋಗಲಿಲ್ಲವೆಂದು ತೊಳೆಯದೆ ಇನ್ನೊಂದು ಹಾಕಬೇಡಿ. ನಮ್ಮ ಚಿಕ್ಕಮ್ಮ ಮಾಡಿದ್ದು ಇದನ್ನೇ. ಬಕೆಟಿನಲ್ಲಿ ಬೆರೆಸಿದರೆ ಮಾತ್ರ ಬೆರಕೆ ಎಂದಲ್ಲ, ನೆಲದ ಮೇಲಾದರೂ ಕಮೋಡಿನಲ್ಲಾದರೂ ಬೆರಕೆಯೇ.
✅ ಒಂದು ದಿನ ಒಂದೇ ವಸ್ತು. ಕಿಟಕಿ ತೆರೆದಿರಲಿ, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರಲಿ, ಬಾಗಿಲು ಮುಚ್ಚಬೇಡಿ.
✅ ಕೊಳ್ಳುವಾಗ ಲೇಬಲ್ ಓದಿ. "ಆಸಿಡ್" ಎಂಬ ಪದವೂ "ಹೈಪೋಕ್ಲೋರೈಟ್" ಎಂಬ ಪದವೂ ಇರುವ ಬಾಟಲಿಗಳು ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇರಬಾರದು.

ಇನ್ನೊಂದು ಮಾತು. ಕೆಲವು ತುಕ್ಕು ತೆಗೆಯುವ ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಇದು ಕೈಗೆ ಬಿದ್ದರೆ ಕೂಡಲೇ ಉರಿ ಗೊತ್ತಾಗದೆ ಇರಬಹುದು, ಗಂಟೆಗಳ ನಂತರ ಮೂಳೆಯವರೆಗೆ ನೋವು ಇಳಿಯಬಹುದು, ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯಕ್ಕೂ ಅಪಾಯ. ಲೇಬಲ್ಲಿನಲ್ಲಿ ಈ ಹೆಸರು ಕಂಡರೆ ಮನೆಗೆ ತರಲೇಬೇಡಿ.

*6. ಸೈಕಲ್ ಮೇಲೆ ಬರುವ ಆಸಿಡ್*

"ಆಸಿಡ್, ಫಿನೈಲ್" ಎಂದು ಕೂಗುತ್ತ ಬರುವವರ ಬಳಿ ಹಳೆಯ ನೀರಿನ ಬಾಟಲಿ, ತಂಪುಪಾನೀಯದ ಬಾಟಲಿಯಲ್ಲಿ ತುಂಬಿಸಿಕೊಳ್ಳುವುದು ನಮ್ಮ ಎಷ್ಟೋ ಕಾಲೊನಿಗಳಲ್ಲಿ ಇಂದಿಗೂ ಇದೆ. ಅದರ ಮೇಲೆ ಲೇಬಲ್ ಇಲ್ಲ, ಎಷ್ಟು ಗಾಢ ಎಂದು ಗೊತ್ತಿಲ್ಲ. ಆಟವಾಡಿ ಬಾಯಾರಿ ಬಂದ ಮಗುವಿಗೆ ಅದು ನೀರು. ರಾತ್ರಿ ಕನ್ನಡಕವಿಲ್ಲದ ಅಜ್ಜನಿಗೂ ಅದು ನೀರು. ಒಂದು ಗುಟುಕು ಸಾಕು, ಅನ್ನನಾಳ ಸುಟ್ಟು ಕಿರಿದಾಗಿ, ಊಟ ನುಂಗುವುದೇ ಜೀವನವಿಡೀ ಕಷ್ಟವಾಗಬಹುದು.

2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿ ಅವರ ಪ್ರಕರಣದಲ್ಲಿ, ಅಂಗಡಿಯವರು ಕೊಳ್ಳುವವರ ಗುರುತಿನ ಚೀಟಿ ನೋಡಿ, ಹೆಸರು ವಿಳಾಸ ಬರೆದುಕೊಂಡೇ ಆಸಿಡ್ ಮಾರಬೇಕು, 18 ವರ್ಷದೊಳಗಿನವರಿಗೆ ಮಾರಬಾರದು ಎಂದು ಆದೇಶಿಸಿತು. ಬೀದಿಯಲ್ಲಿ ಬಾಟಲಿಗೆ ಸುರಿದು ಕೊಡುವ ವ್ಯಾಪಾರಕ್ಕೆ ನಾವೇ ಗಿರಾಕಿಗಳಾಗುವುದು ಬೇಡ.

ಮನೆಯಲ್ಲಿ ಇಟ್ಟಿದ್ದರೆ ಅದರ ಮೂಲ ಬಾಟಲಿಯಲ್ಲೇ, ಬೀಗವಿರುವ ಅಥವಾ ಎತ್ತರದ ಕಪಾಟಿನಲ್ಲಿ ಇಡಿ. ತೆಳು ಮಾಡಬೇಕಾದರೆ *ನೀರಿಗೆ ಆಸಿಡ್* ನಿಧಾನವಾಗಿ ಸೇರಿಸಿ, ಆಸಿಡ್‌ಗೆ ನೀರನ್ನಲ್ಲ. ತಿರುಗಾಮುರುಗಾ ಮಾಡಿದರೆ ಬಿಸಿಯೇರಿ ಮುಖಕ್ಕೆ ಸಿಡಿಯಬಹುದು.

*7. ಅನಾಹುತ ಆದರೆ*

🔹 *ಉಸಿರಿಗೆ ಹೋದರೆ*: ಮೊದಲು ಮನುಷ್ಯರನ್ನು ಹೊರಗೆ ತನ್ನಿ, ನೆಲ ತೊಳೆಯುವುದು ಆಮೇಲೆ. ಕಿಟಕಿ ಬಾಗಿಲು ತೆರೆಯಿರಿ, ನೇರವಾಗಿ ಕೂರಿಸಿ, ಆಸಿಡ್ ಬಿದ್ದ ಬಟ್ಟೆ ಬದಲಿಸಿ. ಕೆಮ್ಮು ನಿಲ್ಲದಿದ್ದರೆ, ಉಸಿರು ಎಳೆದರೆ, ಎದೆ ಬಿಗಿದರೆ ಕಾಯಬೇಡಿ. ಆರಾಮಾಯಿತು ಎನಿಸಿದರೂ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆದ್ದರಿಂದ ಒಮ್ಮೆ ಡಾಕ್ಟರಿಗೆ ತೋರಿಸಿ.

🔹 *ಕಣ್ಣಿಗೆ ಬಿದ್ದರೆ*: ಹರಿಯುವ ನೀರಿನಲ್ಲಿ 20 ನಿಮಿಷ, ರೆಪ್ಪೆ ಬಿಡಿಸಿ ಹಿಡಿದು ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ. ನಂತರ ನೇತ್ರ ವೈದ್ಯರಲ್ಲಿಗೆ.

🔹 *ಚರ್ಮಕ್ಕೆ ಬಿದ್ದರೆ*: ಹರಿಯುವ ನೀರು, 15ರಿಂದ 20 ನಿಮಿಷ. ಅರಿಶಿನ, ಟೂತ್‌ಪೇಸ್ಟ್, ಅಡುಗೆ ಸೋಡಾ ಯಾವುದೂ ಬೇಡ.

🔹 *ಹೊಟ್ಟೆಗೆ ಹೋದರೆ*: *ವಾಂತಿ ಮಾಡಿಸಬೇಡಿ.* ಕೆಳಗೆ ಹೋಗುವಾಗ ಒಮ್ಮೆ ಸುಟ್ಟದ್ದು ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಉಪ್ಪುನೀರು, ನಿಂಬೆ, ಸೋಡಾ ಕೊಡಬೇಡಿ. ಬಾಯಿ ಮುಕ್ಕಳಿಸಿ ಉಗುಳಿಸಿ, *ಆ ಬಾಟಲಿಯನ್ನೂ ಹಿಡಿದುಕೊಂಡು* ಆಸ್ಪತ್ರೆಗೆ ಓಡಿ.

ತುರ್ತು ಸಹಾಯಕ್ಕೆ 112. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಯಾವ ಊರಿನಿಂದಲೂ ಕರೆ ಮಾಡಬಹುದು. ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ.

*8. ನಿಮ್ಮ ಮನೆ ಉಜ್ಜುವವರ ಕೈ*

ನಿಜ ಹೇಳೋಣ. ನಮ್ಮಲ್ಲಿ ಅನೇಕರ ಮನೆಯಲ್ಲಿ ಬಾತ್‌ರೂಮ್ ತೊಳೆಯುವವರು ನಾವಲ್ಲ. ದಿನಕ್ಕೆ ಆರೇಳು ಮನೆ ಮಾಡುವ ಬಾಯಿ, ಮಾವಶಿ, ಅಕ್ಕ ಯಾರೋ ಒಬ್ಬರು. ನಮ್ಮ ಮನೆಯಲ್ಲಿ ಆಸಿಡ್, ಪಕ್ಕದ ಮನೆಯಲ್ಲಿ ಬ್ಲೀಚ್, ಮೂರನೆಯ ಮನೆಯಲ್ಲಿ ಎರಡೂ. ಅವರಿಗೆ ಲೇಬಲ್ಲಿನ ಇಂಗ್ಲಿಷ್ ಓದಲು ಬಾರದೆ ಇರಬಹುದು. "ಚೆನ್ನಾಗಿ ಉಜ್ಜು" ಎನ್ನುವ ನಾವು "ಇವೆರಡನ್ನು ಸೇರಿಸಬೇಡ" ಎಂದು ಒಮ್ಮೆಯಾದರೂ ಅವರ ಭಾಷೆಯಲ್ಲಿ ಹೇಳಿದ್ದೇವೆಯೇ? ಒಂದು ಜೊತೆ ರಬ್ಬರ್ ಕೈಗವಸು ಕೊಡಿಸಿದ್ದೇವೆಯೇ? ಇಂದು ಕೊಡಿಸಿ. ಅವರ ಮುಂದೆಯೇ ಬ್ಲೀಚ್ ಬಾಟಲಿಯನ್ನು ಬೇರೆ ಕಡೆ ಇಟ್ಟು, ಯಾಕೆಂದು ಹೇಳಿ.

*9. "ಈ ನೀರು ಕುಡಿದರೆ ಕಿಡ್ನಿಯಲ್ಲೂ ಕಲ್ಲಾಗುತ್ತದೆಯೇ?"*

ಗೀಸರಿನ ಕಲ್ಲು ನೋಡಿದವರೆಲ್ಲ ಕೇಳುವ ಪ್ರಶ್ನೆ. ಗಡಸು ನೀರು ಕಿಡ್ನಿ ಕಲ್ಲಿಗೆ ಕಾರಣ ಎನ್ನಲು ಗಟ್ಟಿಯಾದ ಪುರಾವೆ ಇಲ್ಲ. ಗಡಸುತನಕ್ಕೆ ಆರೋಗ್ಯದ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆ ಯಾವ ಮಿತಿಯನ್ನೂ ಹಾಕಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ನೀರಿಲ್ಲದಿದ್ದರೆ 600ರವರೆಗೆ. ಕಿಡ್ನಿ ಕಲ್ಲಿಗೆ ದೊಡ್ಡ ಕಾರಣಗಳಲ್ಲಿ ಒಂದು *ನೀರು ಕಡಿಮೆ ಕುಡಿಯುವುದು*. ಕಲ್ಲಿನ ಭಯಕ್ಕೆ ನೀರನ್ನೇ ಕಡಿಮೆ ಮಾಡಿದರೆ ಭಯಪಟ್ಟದ್ದೇ ನಿಜವಾದೀತು.

ಆದರೆ ಬಿಳಿ ಕಲೆ ಎಲ್ಲವನ್ನೂ ಹೇಳುವುದಿಲ್ಲ. ಫ್ಲೋರೈಡ್, ನೈಟ್ರೇಟ್‌ಗಳು ಕಣ್ಣಿಗೆ ಕಾಣುವುದಿಲ್ಲ, ಕಲೆಯನ್ನೂ ಬಿಡುವುದಿಲ್ಲ. ಬೋರ್‌ವೆಲ್ ನೀರು ಕುಡಿಯುವವರು ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಸೊಸೈಟಿಯವರು ಸೇರಿ ಮಾಡಿಸಿದರೆ ಒಂದು ಮನೆಗೆ ಬೀಳುವ ಖರ್ಚು ಅತ್ಯಲ್ಪ.

*10. ಕಲೆ ಕೂರದಂತೆ ಮಾಡುವುದು*

✔️ ಸ್ನಾನವಾದ ಮೇಲೆ ವೈಪರ್‌ನಿಂದ ನೀರು ಎಳೆದು, ನಲ್ಲಿಯನ್ನು ಒಣ ಬಟ್ಟೆಯಿಂದ ಒರೆಸಿ. ನಿಂತ ನೀರಿಲ್ಲದಿದ್ದರೆ ಕಲ್ಲಿಲ್ಲ.
✔️ ತೊಟ್ಟಿಕ್ಕುವ ನಲ್ಲಿ ಸರಿಮಾಡಿಸಿ.
✔️ ಗೀಸರ್ ಉಷ್ಣತೆಯನ್ನು 55ರಿಂದ 60 ಡಿಗ್ರಿಯಲ್ಲಿ ಇಡಿ. ಹೆಚ್ಚು ಕಾಯಿಸಿದಷ್ಟೂ ಹೆಚ್ಚು ಪದರ. ಒಳಗಿನ ಕಾಯಿಲ್ ಶುಚಿ ಮಾಡಲು ಮೆಕ್ಯಾನಿಕ್ ಬರಲಿ, ನೀವು ಬಿಚ್ಚಬೇಡಿ.
✔️ ಆರ್.ಓ. ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚು. ಅದರಿಂದ ಗಾಜು, ನಲ್ಲಿ ತೊಳೆಯಬೇಡಿ. ಕಮೋಡಿಗೆ ಸುರಿಯಲು ಬಳಸಿ.
✔️ ವಾರಕ್ಕೊಮ್ಮೆ ನಿಂಬೆ ಉಪ್ಪಿನ ನೀರು. ವರ್ಷಕ್ಕೊಮ್ಮೆ ಆಸಿಡ್ ಸುರಿಯುವ ಪ್ರಮೇಯವೇ ಬರುವುದಿಲ್ಲ.

ನಮ್ಮ ಚಿಕ್ಕಮ್ಮ ಈಗ ಊರಲ್ಲಿ ಆರಾಮಾಗಿದ್ದಾರೆ. ಅಗರಬತ್ತಿ ಹೊಗೆ ಜೋರಾದರೆ ಮಾತ್ರ ಇಂದಿಗೂ ಕೆಮ್ಮು ಬರುತ್ತದೆ. ಆ ಬಿಳಿ ಉಂಗುರ ನಮ್ಮ ಬಾತ್‌ರೂಮಿನಲ್ಲಿ ಮಸುಕಾಗಿ ಇನ್ನೂ ಇದೆ. ಇರಲಿ ಬಿಡಿ. ನೆಲದ ಮೇಲಿನ ಕಲೆಗಾಗಿ ಯಾರ ಉಸಿರೂ ಹೋಗಬಾರದು.

ಇಂದೇ ಒಂದು ಕೆಲಸ ಮಾಡಿ. ಎದ್ದು ಹೋಗಿ ಬಾತ್‌ರೂಮಿನ ಕಪಾಟು ತೆರೆದು, ಬಾಟಲಿಗಳ ಲೇಬಲ್ ಓದಿ, ಆಸಿಡ್ ಒಂದು ಕಡೆ, ಬ್ಲೀಚ್ ಇನ್ನೊಂದು ಕಡೆ ಇಡಿ. ಲೇಬಲ್ ಇಲ್ಲದ ಬಾಟಲಿ ಇದ್ದರೆ ಅದರಲ್ಲಿ ಏನಿದೆ ಎಂದು ಮೂಸಿ ನೋಡಬೇಡಿ, ಮಕ್ಕಳ ಕೈಗೆ ಸಿಗದಂತೆ ತೆಗೆದಿಡಿ, ಇನ್ನು ಮುಂದೆ ಅಂಥದ್ದನ್ನು ತರಬೇಡಿ.

ಊರಲ್ಲಿರುವ ಅಮ್ಮ, ಅತ್ತೆ, ಚಿಕ್ಕಮ್ಮಂದಿರಿಗೆ ಈ ಸಂದೇಶ ಕಳುಹಿಸಿ. ಓದಲು ಕಷ್ಟವಾದವರಿಗೆ ಐದನೆಯ ಭಾಗವನ್ನಾದರೂ ಫೋನಿನಲ್ಲಿ ಓದಿ ಹೇಳಿ.

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ. ಎಲ್ಲರೂ ಆರೋಗ್ಯವಾಗಿರಿ. 🙏